ಐವತ್ತು ಕ್ವಿಂಟಾಲ್ ತೊಗರಿಯಲ್ಲಿ ಒಂದು ಕಾಳು

ಜಾಕ್‌ಪಾಟ್ ಎಷ್ಟು ದೊಡ್ಡದಾದರೆ ಸ್ಲಾಟ್ ಮಷಿನ್ ಆಡುವುದು ಲಾಭ? ಇದನ್ನು ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಬಂದಿದ್ದ. ಅಲ್ಲಿ ಕ್ಯಾಸಿನೊದಲ್ಲಿ, ರೊಕ್ಕ ಹಾಕಿ ಬಟನ್ ಒತ್ತಿದರೆ ಚಿತ್ರದ ಗಾಲಿ ತಿರುಗುವ ಮಷಿನ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಅವುಗಳ ಮೇಲೆ ಜಾಕ್‌ಪಾಟಿನ, ಅಂದರೆ ಎಲ್ಲಕ್ಕಿಂತ ದೊಡ್ಡ ಬಹುಮಾನದ, ಅಂಕಿ ಓಡುತ್ತಾ ಇತ್ತಂತೆ. ಯಾರು ಬಟನ್ ಒತ್ತಿದರೂ ಅದು ಚೂರು ಏರುತ್ತಿತ್ತಂತೆ. ಇಳಿದದ್ದನ್ನು ಅವನು ನೋಡಲೇ ಇಲ್ಲ. "ಸರ, ಅದು ಹಿಂಗೇ ಏರ್ಕೋಂತ ಹೋದ್ರ ಒಂದಿನ ಆಡೋರಿಗೇ ಲಾಭ ಆಗ್ಬೇಕಲ್ರಿ? ಎಷ್ಟಕ್ಕ ಆಗ್ತದ?" ಅಂದ.

ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಇಂಥ ಪ್ರಶ್ನೆ ಸಿಕ್ಕರೆ ನನಗೆ ಹಬ್ಬ. ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಏರುವ ಜಾಕ್‌ಪಾಟ್ ಒಂದು ಹಂತ ದಾಟಿದ ಮೇಲೆ, ಕಾಗದದ ಮೇಲೆ, ಆಡುವವನ ಕಡೆಗೆ ವಾಲುತ್ತದೆ. ಆ ಹಂತವನ್ನು ಎಂಟನೇ ಕ್ಲಾಸಿನ ಗಣಿತದಲ್ಲಿ ಕಂಡುಹಿಡಿಯಬಹುದು. ಆದರೆ ಸಿಕ್ಕ ಉತ್ತರ ಯಾರದ್ದು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ಲೆಕ್ಕದಿಂದಲೇ ಶುರು ಮಾಡೋಣ. ಕಲಬುರಗಿ, ಯಾದಗಿರಿ ಕಡೆ ಪೇಪರ್ ಓದುವವರಿಗೆಲ್ಲ ಮಟ್ಕಾ ಸುದ್ದಿ ಗೊತ್ತು. ಪೊಲೀಸರು ದಾಳಿ ಮಾಡಿದರು, ಮಟ್ಕಾ ಚೀಟಿ, ಬಾಲ್ ಪೆನ್, ಇಷ್ಟು ನಗದು ವಶಕ್ಕೆ ಪಡೆದರು ಅಂತ ಇರುತ್ತದೆ. ಅದರ ಮಧ್ಯೆ ಒಂದು ಮಾತು ಬರುತ್ತದೆ, ಒಂದು ರೂಪಾಯಿಗೆ 80 ರೂಪಾಯಿ ಕೊಡುತ್ತೇನೆಂದು ಜನರಿಂದ ಹಣ ಪಡೆಯುತ್ತಿದ್ದ ಎಂದು. ಕೆಲವೊಮ್ಮೆ 90 ಅಂತಲೂ ಇರುತ್ತದೆ. ಎಲ್ಲರೂ ಓದಿ ಮುಂದೆ ಹೋಗುವ ಆ ಸಾಲಿನಲ್ಲೇ ಪೂರ್ತಿ ಲೆಕ್ಕ ಕೂತಿದೆ. ಚೀಟಿ ಅಂದರೆ ಬೆರಳಗಲದ ಕಾಗದ. ಒಂದು ಜೋಡಿ ಅಂಕಿ, ಪಕ್ಕದಲ್ಲೊಂದು ಗೀಟು, ಆಮೇಲೆ ಹಾಕಿದ ರೊಕ್ಕ. ಜೋಡಿ 00ಯಿಂದ 99ರವರೆಗೆ ಯಾವುದೂ ಆಗಬಹುದು, ಒಟ್ಟು ನೂರು. ನೂರು ಜೋಡಿಗೂ ಒಂದೊಂದು ರೂಪಾಯಿ ಹಾಕಿದರೆ ಕೈಯಿಂದ ಹೋಗುವುದು 100, ವಾಪಸ್ ಬರುವುದು 80. ಅಂದರೆ ಹಾಕಿದ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬುಕ್ಕಿಯ ಜೇಬಿಗೆ. ನಾಳೆಯೂ ಅಷ್ಟೇ, ಮುಂದಿನ ವರ್ಷವೂ ಅಷ್ಟೇ. ಆ 80 ಏರುವುದೇ ಇಲ್ಲ. ಹಾಗಾಗಿ ಮಟ್ಕಾದಲ್ಲಿ "ಯಾವಾಗ ಆಡಬೇಕು" ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಯಾವಾಗಲೂ ಇಲ್ಲ, ಅಷ್ಟೇ.

ಏರುವ ಜಾಕ್‌ಪಾಟ್ ಇಲ್ಲೇ ಬೇರೆಯಾಗುವುದು. ಬಹುಮಾನ ಏರುತ್ತದೆ, ಗೆಲ್ಲುವ ಸಾಧ್ಯತೆ ಇದ್ದಲ್ಲೇ ಇರುತ್ತದೆ. ಆ 80 ನಿಧಾನಕ್ಕೆ 90, 100, 110 ಆಗುತ್ತಾ ಹೋಯಿತು ಅಂದುಕೊಳ್ಳಿ. 100 ದಾಟಿದ ದಿನ ಬುಕ್ಕಿಯ 20 ಪೈಸೆ ಮಾಯ. ಅದೇ ನಾವು ಹುಡುಕುವ ಗೆರೆ.

ಈಗ ಮಷಿನ್‌ಗೆ ಬರೋಣ. ಮೂರು ಅಂಕಿ ಬೇಕು. ಒಂದು ಸುತ್ತಿಗೆ ಎಷ್ಟು ಹಾಕುತ್ತೀರಿ. ಜಾಕ್‌ಪಾಟ್ ಬಿಟ್ಟು ಉಳಿದ ಸಣ್ಣಪುಟ್ಟ ಗೆಲುವುಗಳಿಂದ ಸರಾಸರಿ ಎಷ್ಟು ವಾಪಸ್ ಬರುತ್ತದೆ. ಜಾಕ್‌ಪಾಟ್ ಎಷ್ಟು ಸುತ್ತಿಗೆ ಒಂದು ಸಲ ಬೀಳುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಮಷಿನ್ ನಾವೇ ಮಾಡಿಕೊಳ್ಳೋಣ. ಸುತ್ತಿಗೆ 50 ರೂಪಾಯಿ. ಸಣ್ಣ ಗೆಲುವುಗಳಿಂದ ಶೇ 85 ವಾಪಸ್. ಜಾಕ್‌ಪಾಟ್ 20 ಲಕ್ಷ ಸುತ್ತಿಗೆ ಒಂದು.

ಶೇ 85 ವಾಪಸ್ ಅಂದರೆ 50ರಲ್ಲಿ 42.50 ಬಂತು, 7.50 ಹೋಯಿತು. ಪ್ರತಿ ಸುತ್ತಿಗೂ ಹೋಗುವ ಈ ಏಳೂವರೆ ರೂಪಾಯಿಯನ್ನು ಜಾಕ್‌ಪಾಟ್ ತುಂಬಿಕೊಡಬೇಕು. 20 ಲಕ್ಷ ಸುತ್ತಿನಲ್ಲಿ ಹೋಗುವುದು ಒಂದೂವರೆ ಕೋಟಿ. ಅದೇ ಉತ್ತರ. ಮೀಟರ್, ಅಂದರೆ ಮಷಿನ್ ಮೇಲೆ ಓಡುವ ಆ ಅಂಕಿ, 1.5 ಕೋಟಿ ತೋರಿಸಿದರೆ ಲಾಭ ನಿಮಗೂ ಇಲ್ಲ, ಕ್ಯಾಸಿನೊಗೂ ಇಲ್ಲ. 1.2 ಕೋಟಿಯಲ್ಲಿದ್ದರೆ ಜಾಕ್‌ಪಾಟ್‌ನಿಂದ ಸುತ್ತಿಗೆ ಆರು ರೂಪಾಯಿ ಬಂದಂತಾಗಿ ಒಟ್ಟು ವಾಪಸಾತಿ ಶೇ 97. 1.8 ಕೋಟಿಗೆ ಏರಿದರೆ ಒಂಬತ್ತು ರೂಪಾಯಿ, ಒಟ್ಟು ಶೇ 103. ಅಂದರೆ ನೂರಕ್ಕೆ ಮೂರು ರೂಪಾಯಿ ನಿಮ್ಮ ಕಡೆ.

ನನ್ನ ಹುಡುಗ ಇಷ್ಟು ಕೇಳಿ ಖುಷಿಯಾದ. ಗೋವಾದ ಮಷಿನ್‌ನ ಆ ಮೂರು ಅಂಕಿ ಏನು ಅಂತ ನಾನು ಕೇಳಿದೆ. ಮೊದಲನೆಯದು ಗೊತ್ತು, ಉಳಿದೆರಡು ಅಲ್ಲೆಲ್ಲೂ ಬರೆದಿರಲಿಲ್ಲ ಅಂದ.

ಬರೆದಿರುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೇ. 19ನೇ ಶತಮಾನದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾರ್ಲ್ಸ್ ಫೇ ಮಾಡಿದ ಲಿಬರ್ಟಿ ಬೆಲ್ ಮಷಿನ್‌ನಲ್ಲಿ ಮೂರು ಗಾಲಿ, ಒಂದೊಂದರಲ್ಲಿ ಹತ್ತು ನಿಲುಗಡೆ. ಹತ್ತು ಹತ್ತಲೇ ನೂರು, ನೂರು ಹತ್ತಲೇ ಸಾವಿರ. ತಾಳ್ಮೆ ಇದ್ದವನು ಎದುರಿಗೆ ಕೂತು ಗಾಲಿಯ ಚಿತ್ರ ಎಣಿಸಿ ಸಾಧ್ಯತೆ ಕಂಡುಹಿಡಿಯಬಹುದಿತ್ತು. 1984ರಲ್ಲಿ ಇಂಗೆ ಟೆಲ್ನೇಸ್ ಎಂಬಾತನಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಗಾಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಒಳಗಿನ ಕಂಪ್ಯೂಟರ್ ಒಂದು ಯಾದೃಚ್ಛಿಕ ಅಂಕಿಯಿಂದ ಮೊದಲೇ ತೀರ್ಮಾನಿಸುತ್ತದೆ. ಗಾಲಿ ತಿರುಗುವುದು ನಮಗೆ ತೋರಿಸುವುದಕ್ಕೆ ಮಾತ್ರ. ಕಣ್ಣಿಗೆ ಕಾಣುವ ಗಾಲಿಯಲ್ಲಿ 22 ನಿಲುಗಡೆ ಇದ್ದರೂ ಒಳಗಿನ ಪಟ್ಟಿಯಲ್ಲಿ 64 ಇರಬಹುದು. ಆ 64ರಲ್ಲಿ ಜಾಕ್‌ಪಾಟ್ ಚಿತ್ರಕ್ಕೆ ಒಂದೇ ಒಂದು ಜಾಗ. ಕಣ್ಣಲ್ಲಿ ಎಣಿಸಿದವನ ಲೆಕ್ಕಕ್ಕೆ ಮೂರು ಗಾಲಿ ಸೇರಿ 10,648ಕ್ಕೆ ಒಂದು. ನಿಜವಾಗಿ ಇರುವುದು 2,62,144ಕ್ಕೆ ಒಂದು. ಜಾಕ್‌ಪಾಟ್ ಚಿತ್ರದ ಮೇಲೆ ಕೆಳಗೆ ಇರುವ ಖಾಲಿ ಜಾಗಗಳಿಗೆ ಪಟ್ಟಿಯಲ್ಲಿ ಜಾಸ್ತಿ ಪಾಲು ಕೊಟ್ಟರೆ ಇನ್ನೊಂದು ಪರಿಣಾಮ ಆಗುತ್ತದೆ. ಚಿತ್ರ ಮತ್ತೆ ಮತ್ತೆ ಗೆರೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಕೂತವನಿಗೆ "ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು" ಅನ್ನಿಸುತ್ತದೆ. ತಪ್ಪಿದ್ದು ಕೂದಲೆಳೆಯಲ್ಲಲ್ಲ.

ಮಷಿನ್ ಮಾಡುವವರ ಹತ್ತಿರ ಈ ಎಲ್ಲ ಅಂಕಿಗಳ ಒಂದು ಹಾಳೆ ಇರುತ್ತದೆ. ಪಾರ್ ಶೀಟ್ ಅನ್ನುತ್ತಾರೆ. ಯಾವ ಚಿತ್ರಕ್ಕೆ ಎಷ್ಟು ಜಾಗ, ಯಾವ ಗೆಲುವು ಎಷ್ಟು ಸುತ್ತಿಗೆ, ಒಟ್ಟು ವಾಪಸಾತಿ ಎಷ್ಟು, ಎಲ್ಲ ಅದರಲ್ಲಿದೆ. ಆಡುವವರಿಗೆ ಅದು ಸಿಗುವುದಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕೆವಿನ್ ಹ್ಯಾರಿಗನ್ ಮತ್ತು ಮೈಕ್ ಡಿಕ್ಸನ್ ಒಂಟಾರಿಯೊದಲ್ಲಿ ಮಾಹಿತಿ ಹಕ್ಕಿನಂಥ ಕಾಯ್ದೆ ಬಳಸಿ ಕೆಲವು ಹಾಳೆ ಪಡೆದು 2009ರಲ್ಲಿ ಅದರ ಬಗ್ಗೆ ಬರೆದರು. ಒಂದು ಯಂತ್ರದ ಮುಂದೆ ಕೂತವನು ಎಷ್ಟು ಕಳೆದುಕೊಳ್ಳುತ್ತಾನೆ ಅಂತ ತಿಳಿಯಲು ಸರ್ಕಾರಕ್ಕೆ ಅರ್ಜಿ ಹಾಕಬೇಕಾಯಿತು ಅಂದರೆ ಯೋಚಿಸಿ. ಅಮೆರಿಕದ ನೆವಾಡಾ ರಾಜ್ಯದ ನಿಯಮ ಮಷಿನ್ ಕನಿಷ್ಠ ಶೇ 75 ವಾಪಸ್ ಕೊಡಬೇಕು ಅನ್ನುತ್ತದೆ, ಅಷ್ಟೇ. ನಿಮ್ಮ ಎದುರಿಗಿನದು 76ಓ 96ಓ, ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮ ಮಟ್ಕಾದವನು ಕಾನೂನು ಮುರಿಯುತ್ತಾನೆ, ನಿಜ. ಆದರೆ ಅವನ ದರ ಎಲ್ಲರಿಗೂ ಗೊತ್ತು.

ಲೆಕ್ಕ ಹಾಕಲು ಬಿಡುವ ಒಂದು ಯಂತ್ರ ಇದೆ, ವಿಡಿಯೊ ಪೋಕರ್. ಅದರಲ್ಲಿ ಇರುವುದು 52 ಇಸ್ಪೀಟ್ ಎಲೆ, ನ್ಯಾಯವಾಗಿ ಹಂಚಲೇಬೇಕು. ಹಾಗಾಗಿ ಯಾರು ಬೇಕಾದರೂ ಸಾಧ್ಯತೆ ಲೆಕ್ಕ ಹಾಕಬಹುದು. ಅದರಲ್ಲಿ ಜ್ಯಾಕ್ಸ್ ಆರ್ ಬೆಟರ್ ಎಂಬ ಆಟದ ಒಳ್ಳೆಯ ನಮೂನೆಯಲ್ಲಿ, ಸರಿಯಾಗಿ ಆಡಿದರೆ, ವಾಪಸಾತಿ ಶೇ 99.5ರ ಸುತ್ತ. ಅದರ ಎಲ್ಲಕ್ಕಿಂತ ದೊಡ್ಡ ಗೆಲುವು, ರಾಯಲ್ ಫ್ಲಶ್, ಸುಮಾರು 40,000 ಆಟಕ್ಕೆ ಒಂದು. ಐದು ನಾಣ್ಯದ ಬೆಟ್‌ಗೆ ಅದರ ಬಹುಮಾನ 4,000 ನಾಣ್ಯ. ಅದು ಏರುತ್ತಾ 4,900ರ ಹತ್ತಿರ ಬಂದರೆ ಆಟ ಗೆರೆ ದಾಟುತ್ತದೆ. ಲಾಸ್ ವೇಗಸ್‌ನಲ್ಲಿ ಇದನ್ನೇ ಕಾದು, ಮೀಟರ್ ಏರಿದಾಗ ತಂಡ ಕಟ್ಟಿಕೊಂಡು ಬಂದು ಕೂರುವವರು ಇದ್ದರು. ಅವರದು ಅದೃಷ್ಟದ ಆಟ ಆಗಿರಲಿಲ್ಲ, ಪಾಳಿಯ ಕೆಲಸ ಆಗಿತ್ತು.

ಇನ್ನು ದೊಡ್ಡ ಜಾಕ್‌ಪಾಟ್‌ಗಳ ಕಥೆ. ಅಮೆರಿಕದಲ್ಲಿ ಮೆಗಾಬಕ್ಸ್ ಅಂತ ಒಂದು ಆಟ. 1986ರಿಂದ ನೆವಾಡಾದ ಎಷ್ಟೋ ಕ್ಯಾಸಿನೊಗಳ ಮಷಿನ್‌ಗಳನ್ನು ಜೋಡಿಸಿ ಒಂದೇ ಮೀಟರ್ ಏರಿಸುತ್ತದೆ. ಸುತ್ತಿಗೆ ಮೂರು ಡಾಲರ್. 2003ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ಗೆ 3.97 ಕೋಟಿ ಡಾಲರ್ ಬಿತ್ತು, ದಾಖಲೆ. ಗೆಲ್ಲುವ ಸಾಧ್ಯತೆ ಸುಮಾರು ಐದು ಕೋಟಿಗೆ ಒಂದು ಅಂತ ಲೆಕ್ಕ ಬಲ್ಲವರು ಹೇಳಿದ್ದಾರೆ.

ಐದು ಕೋಟಿ ಅಂದರೆ ತಲೆಗೆ ಹತ್ತುವುದಿಲ್ಲ. ನಾನು ಕ್ಲಾಸಿನಲ್ಲಿ ತೊಗರಿ ತರುತ್ತೇನೆ. ನಮ್ಮ ತೊಗರಿ ನೂರು ಕಾಳಿಗೆ ಹತ್ತು ಗ್ರಾಂ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಕ್ವಿಂಟಾಲ್‌ನಲ್ಲಿ ಹತ್ತು ಲಕ್ಷ ಕಾಳು. ಐದು ಕೋಟಿಗೆ ಐವತ್ತು ಕ್ವಿಂಟಾಲ್. ನಮ್ಮ ಎಪಿಎಂಸಿಯಲ್ಲಿ ಸೀಸನ್‌ನಲ್ಲಿ ಒಬ್ಬ ದಲಾಲಿಯ ಅಂಗಡಿ ಮುಂದೆ ಅಷ್ಟು ರಾಶಿ ಬಿದ್ದಿರುವುದನ್ನು ಎಲ್ಲರೂ ನೋಡಿದ್ದೀರಿ. ಅದರಲ್ಲಿ ಒಂದು ಕಾಳಿಗೆ ಬಣ್ಣ ಹಚ್ಚಿ ರಾಶಿ ಕಲಸಿ ಬಿಟ್ಟಿದ್ದಾರೆ. ನೀವು ಕಣ್ಣು ಮುಚ್ಚಿ ಕೈ ಹಾಕಿ ಒಂದು ಕಾಳು ಎತ್ತಬೇಕು. ಪ್ರತಿ ಸಲ ಮೂರು ಡಾಲರ್.

ದಾಖಲೆಯ ದಿನವೂ ಲೆಕ್ಕ ಹೇಗಿತ್ತು ನೋಡಿ. 3.97 ಕೋಟಿಯನ್ನು ಐದು ಕೋಟಿಯಿಂದ ಭಾಗಿಸಿದರೆ ಸುತ್ತಿಗೆ 80 ಸೆಂಟ್. ಮೂರು ಡಾಲರ್‌ಗೆ ಅದು ಶೇ 27ರ ಹತ್ತಿರ. ಉಳಿದ ಶೇ 73 ಸಣ್ಣ ಗೆಲುವುಗಳಿಂದ ಬಂದಿದ್ದರೆ ಆಟ ಸಮ. ಚೆನ್ನಾಗಿದೆ ಅಲ್ವಾ? ಆದರೆ ಆ ದುಡ್ಡು ಒಂದೇ ಸಲ ಕೈಗೆ ಬರುವುದಿಲ್ಲ. 25 ವರ್ಷದ ಕಂತು. ಒಂದೇ ಸಲ ಬೇಕೆಂದರೆ ಸುಮಾರು ಶೇ 60 ಮಾತ್ರ. ಆಗ 80 ಸೆಂಟ್ 48 ಸೆಂಟ್ ಆಗುತ್ತದೆ. ಶೇ 27 ಇದ್ದದ್ದು 16. ಗೆರೆ ಒಂದೇ ಏಟಿಗೆ ದೂರ ಓಡಿತು. ಮೀಟರ್ ಮೇಲೆ ಮಾತ್ರ ಅದೇ ದೊಡ್ಡ ಅಂಕಿ.

ಈಗ ಇಡೀ ಲೆಕ್ಕದ ತಿರುಳಿಗೆ ಬರುತ್ತೇನೆ. ನಮ್ಮದೇ ಮಷಿನ್‌ಗೆ ವಾಪಸ್ ಹೋಗೋಣ. ಮೀಟರ್ 1.8 ಕೋಟಿ, ಶೇ 103, ನಿಮ್ಮ ಪರ. ಒಂದು ಸಂಜೆ ಕೂತು ಸಾವಿರ ಸುತ್ತು ಆಡಿದಿರಿ. ಒಟ್ಟು ಹಾಕಿದ್ದು 50,000 ರೂಪಾಯಿ. ಸರಾಸರಿ ಲಾಭ 1,500. ಬಾಯಲ್ಲಿ ನೀರೂರುವ ಲೆಕ್ಕ. ಆದರೆ ಸಾವಿರ ಸುತ್ತಿನಲ್ಲಿ ಜಾಕ್‌ಪಾಟ್ ಬೀಳುವ ಸಾಧ್ಯತೆ ಎರಡು ಸಾವಿರಕ್ಕೆ ಒಂದು. ಹೀಗೆ ಎರಡು ಸಾವಿರ ಜನ ಕೂತರೆ ಸರಾಸರಿ ಒಬ್ಬ 1.8 ಕೋಟಿ ಹೊತ್ತುಕೊಂಡು ಹೋಗುತ್ತಾನೆ. ಉಳಿದ 1,999 ಜನ, ಸ್ವಲ್ಪ ಹೆಚ್ಚು ಕಡಿಮೆ, ತಲಾ 7,500 ಕಳೆದುಕೊಂಡು ಎದ್ದು ಹೋಗುತ್ತಾರೆ. 1,500 ಲಾಭ ಮಾಡಿದವನು ಅಂತ ಯಾರೂ ಸಿಗುವುದಿಲ್ಲ. ಆ ಸರಾಸರಿ ಎರಡು ಸಾವಿರ ಜನರನ್ನು ಕೂಡಿಸಿ ಭಾಗಿಸಿದಾಗ ಹುಟ್ಟಿದ್ದು. ಅದರಲ್ಲಿ ಯಾರೂ ವಾಸ ಮಾಡುವುದಿಲ್ಲ.

"ಒಂದು ಸಂಜೆಗೆ ಎದ್ದರೆ ಹಂಗಾಗ್ತದ, ಬಿಡದಂಗ ಕೂತ್ರೆ?" ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಗಂಟೆಗೆ 600 ಸುತ್ತು, ದಿನಕ್ಕೆ ಎಂಟು ಗಂಟೆ. 20 ಲಕ್ಷ ಸುತ್ತು ಮುಗಿಯಲು ಒಂದು ವರ್ಷ ದಾಟುತ್ತದೆ. ಅಷ್ಟರಲ್ಲಿ ಏಳೂವರೆ ರೂಪಾಯಿ ಲೆಕ್ಕದಲ್ಲಿ ಹೋದದ್ದು ಒಂದೂವರೆ ಕೋಟಿ. ಆಮೇಲೂ ಜಾಕ್‌ಪಾಟ್ ಬೀಳದೇ ಇರುವ ಸಾಧ್ಯತೆ ಶೇ 37. "20 ಲಕ್ಷಕ್ಕೆ ಒಂದು" ಅಂದರೆ 20 ಲಕ್ಷದೊಳಗೆ ಒಂದು ಗ್ಯಾರಂಟಿ ಅಂತ ಅಲ್ಲ. ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಅರ್ಧ ಕ್ಲಾಸ್ ಪರೀಕ್ಷೆಯಲ್ಲಿ ಗ್ಯಾರಂಟಿ ಅಂತಲೇ ಬರೆಯುತ್ತದೆ. ಮಷಿನ್‌ಗೆ ನೆನಪಿಲ್ಲ. ಹಿಂದಿನ 20 ಲಕ್ಷ ಸುತ್ತು ಅದಕ್ಕೆ ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯವೂ ಇದೆ. ನೀವು ವರ್ಷಗಟ್ಟಲೆ ಕೂತಿರುವಾಗ ಪಕ್ಕದ ಸೀಟಿನವನಿಗೆ ಮೊದಲ ಸುತ್ತಿನಲ್ಲೇ ಬೀಳಬಹುದು. ಮೀಟರ್ ಕೆಳಗಿಳಿಯುತ್ತದೆ, ನಿಮ್ಮ ಶೇ 103 ಹೋಯಿತು. ಕಳೆದದ್ದು ಮಾತ್ರ ಕಳೆದೇ ಹೋಯಿತು.

ಹಾಗಾದರೆ ಇಂಥ ಮಷಿನ್ ಆಡಲು ಎಷ್ಟು ರೊಕ್ಕ ಇರಬೇಕು? ಇದಕ್ಕೂ ಉತ್ತರ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರ. ನಿಮ್ಮ ಲಾಭದ ಪಾಲನ್ನು, ಗೆದ್ದರೆ ಎಷ್ಟು ಪಟ್ಟು ಬರುತ್ತದೋ ಅದರಿಂದ ಭಾಗಿಸಿ. ಬಂದದ್ದು ನಿಮ್ಮ ಒಟ್ಟು ಗಂಟಿನಲ್ಲಿ ಒಂದು ಸುತ್ತಿಗೆ ಹಾಕಬಹುದಾದ ಪಾಲು. ಸಣ್ಣ ಗೆಲುವನ್ನೆಲ್ಲ ಕಳೆದು, ಸುತ್ತಿಗೆ ನಿಜವಾದ ಖರ್ಚು 7.50 ಅಂತ ತೆಗೆದುಕೊಳ್ಳೋಣ. ಆ ಏಳೂವರೆಗೆ ಸರಾಸರಿ ಒಂಬತ್ತು ಬರುತ್ತದೆ, ಲಾಭ ಶೇ 20. ಗೆದ್ದರೆ 24 ಲಕ್ಷ ಪಟ್ಟು. ಶೇ 20ನ್ನು 24 ಲಕ್ಷದಿಂದ ಭಾಗಿಸಿದರೆ 1.2 ಕೋಟಿಯಲ್ಲಿ ಒಂದು ಪಾಲು. ಅಂದರೆ ಈ ಮಷಿನ್ ಮುಂದೆ ಕೂತು 50 ರೂಪಾಯಿ ಬಟನ್ ಒತ್ತುವುದು ಜಾಣತನ ಆಗಬೇಕಾದರೆ ಕೈಯಲ್ಲಿ ಒಂಬತ್ತು ಕೋಟಿ ಇರಬೇಕು. ಒಂಬತ್ತು ಕೋಟಿ ಇರುವವನು 1.8 ಕೋಟಿಗೋಸ್ಕರ ವರ್ಷವಿಡೀ ಸ್ಟೂಲಿನ ಮೇಲೆ ಕೂರುವುದಿಲ್ಲ. ಕೂರುವವರ ಹತ್ತಿರ ಒಂಬತ್ತು ಕೋಟಿ ಇರುವುದಿಲ್ಲ.

ಲಾಭ ಎಷ್ಟು ಅನ್ನುವುದಕ್ಕಿಂತ ಆ ಲಾಭ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಇದನ್ನು ನನಗೆ ಚೆನ್ನಾಗಿ ತೋರಿಸಿದ್ದು ಮಷಿನ್ ಅಲ್ಲ, ಒಂದು ಲಾಟರಿ. 2003ರಲ್ಲಿ ಅಮೆರಿಕದ ಮಿಷಿಗನ್‌ನ ಎವಾರ್ಟ್ ಎಂಬ ಸಣ್ಣ ಊರಿನ ಜೆರ್ರಿ ಸೆಲ್ಬಿ, ಅಂಗಡಿ ಮಾರಿ ನಿವೃತ್ತರಾಗಿದ್ದವರು, ವಿನ್‌ಫಾಲ್ ಎಂಬ ಲಾಟರಿಯ ನಿಯಮ ಓದಿದರು. ಜಾಕ್‌ಪಾಟ್ 50 ಲಕ್ಷ ಡಾಲರ್ ಮುಟ್ಟಿ ಯಾರಿಗೂ ಬೀಳದಿದ್ದರೆ ಆ ದುಡ್ಡು ಕೆಳಗಿನ ಬಹುಮಾನಗಳಿಗೆ ಹಂಚಿಹೋಗುತ್ತಿತ್ತು. ಅಂಥ ವಾರ 1,100 ಡಾಲರ್‌ಗೆ 1,100 ಟಿಕೆಟ್ ಕೊಂಡರೆ ನಾಲ್ಕು ಅಂಕಿ ಹೊಂದಿದ ಟಿಕೆಟ್ ಸರಾಸರಿ ಒಂದು ಬರಬೇಕು, 1,000 ಡಾಲರ್. ಮೂರು ಅಂಕಿ ಹೊಂದಿದ್ದು ಹದಿನೆಂಟೋ ಹತ್ತೊಂಬತ್ತೋ, ತಲಾ 50. ಒಟ್ಟು 1,900ರ ಸುತ್ತ. ಮೊದಲ ಸಲ 2,200 ಡಾಲರ್ ಹಾಕಿ ಸ್ವಲ್ಪ ಕಳೆದುಕೊಂಡರು. ಲೆಕ್ಕ ತಪ್ಪಿರಲಿಲ್ಲ, ಟಿಕೆಟ್ ಸಾಲದಾಗಿತ್ತು. ಮುಂದಿನ ಸಲ ಜಾಸ್ತಿ ಕೊಂಡರು. ಆಮೇಲೆ ಊರವರನ್ನೂ ಸೇರಿಸಿಕೊಂಡು ಕಂಪನಿಯನ್ನೇ ಮಾಡಿದರು. ಮಿಷಿಗನ್‌ನಲ್ಲಿ ಆಟ ನಿಂತ ಮೇಲೆ ಮ್ಯಾಸಚೂಸೆಟ್ಸ್‌ನಲ್ಲಿದ್ದ ಅಂಥದ್ದೇ ಆಟಕ್ಕೆ ಹೋದರು. ಅಲ್ಲಿ ಎಂಐಟಿಯ ಹುಡುಗರೂ ಇದೇ ಲೆಕ್ಕ ಹಾಕಿ ಕೂತಿದ್ದರು. 2012ರಲ್ಲಿ ಅದೂ ನಿಂತಿತು. ಅಷ್ಟರಲ್ಲಿ ಸೆಲ್ಬಿ ಗುಂಪಿಗೆ 70 ಲಕ್ಷ ಡಾಲರ್‌ಗಿಂತ ಜಾಸ್ತಿ ಲಾಭ.

ಸೆಲ್ಬಿ ದೊಡ್ಡ ಜಾಕ್‌ಪಾಟ್ ಕಡೆ ನೋಡಲೇ ಇಲ್ಲ. ಅವರ ಲಾಭ ಹದಿನೆಂಟು ಸಣ್ಣ ಬಹುಮಾನಗಳಲ್ಲಿ ಹರಡಿತ್ತು. ಹಾಗಾಗಿ ಸರಾಸರಿ ಅನ್ನುವುದು ಅವರ ಕೈಗೆ ನಿಜವಾಗಿ ಸಿಗುತ್ತಿತ್ತು. ಸ್ಲಾಟ್ ಮಷಿನ್‌ನಲ್ಲಿ ಇಡೀ ಲಾಭ ಆ ಬಣ್ಣದ ಕಾಳಿನಲ್ಲಿದೆ. ನಮ್ಮಲ್ಲಿ 2000ದ ದಶಕದ ಆರಂಭದಲ್ಲಿ ಊರೂರಿಗೆ ಬಂದಿದ್ದ ಪ್ಲೇವಿನ್ ಲಾಟರಿ ನೆನಪಿರಬಹುದು. 49ರಲ್ಲಿ ಆರು ಅಂಕಿ ಆರಿಸುವ ಆಟದಲ್ಲಿ ಒಟ್ಟು 1,39,83,816 ಜೋಡಣೆ. ಟಿಕೆಟ್ ಹತ್ತು ರೂಪಾಯಿ ಅಂತ ಇಟ್ಟುಕೊಂಡರೆ ಜಾಕ್‌ಪಾಟ್ ಒಂದರಿಂದಲೇ ಗೆರೆ ಮುಟ್ಟಲು ಸುಮಾರು 14 ಕೋಟಿ ಬೇಕು. ಅದೂ ಇಬ್ಬರಿಗೆ ಬಿದ್ದು ಪಾಲಾಗದಿದ್ದರೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿಯೇ ನಿಂತಿತು. ಮೊಬೈಲ್‌ನಲ್ಲಿ ರೊಕ್ಕ ಹಾಕಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿತು. ನನಗೆ ಸಮಾಧಾನ ಆದ ಸುದ್ದಿ ಅದು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಗೆ ಹೇಳಲಾಗದಷ್ಟು ಕಳೆದುಕೊಂಡಿದ್ದರು.

ಕಳೆದುಕೊಂಡವರ ಮಾತು ಬಂತು. ಮೀಟರ್ ಮೇಲಿನ ದುಡ್ಡು ಯಾರದ್ದು? ನಮ್ಮ ಮಷಿನ್‌ನ ಮೀಟರ್ 50 ಲಕ್ಷದಿಂದ ಶುರುವಾಗಿ 1.8 ಕೋಟಿಗೆ ಏರಿದೆ, ಹಾಕಿದ ರೊಕ್ಕದ ಶೇ 5 ಅದಕ್ಕೆ ಸೇರುತ್ತದೆ ಅಂತ ಇಟ್ಟುಕೊಳ್ಳಿ. 1.3 ಕೋಟಿ ಏರಬೇಕಾದರೆ ಜನ 26 ಕೋಟಿ ರೂಪಾಯಿಯ ಬೆಟ್ ಕಟ್ಟಿರಬೇಕು. ಅದರಲ್ಲಿ ಶೇ 15, ಅಂದರೆ 3.9 ಕೋಟಿ, ಅವರ ಕೈ ಬಿಟ್ಟು ಹೋಗಿದೆ. ಮೀಟರ್‌ನಲ್ಲಿ ಕಾಣುವ ಏರಿಕೆ ಅದರ ಮೂರನೇ ಒಂದು ಪಾಲು. ಲೆಕ್ಕ ಬಲ್ಲವನು ಕೊನೆಗೆ ಬಂದು ಕೂರುತ್ತಾನೆ. ಅವನು ಮೋಸ ಮಾಡುತ್ತಿಲ್ಲ, ನಿಯಮ ಮುರಿಯುತ್ತಿಲ್ಲ. ಆದರೆ ಅವನ ಶೇ 103 ಕ್ಯಾಸಿನೊದ ಜೇಬಿನಿಂದ ಬಂದದ್ದಲ್ಲ. ಮೊದಲು ಕೂತು ಎದ್ದುಹೋದವರು ಬಿಟ್ಟುಹೋದದ್ದು. ಕ್ಯಾಸಿನೊ ತನ್ನ ಪಾಲು ಆಗಲೇ ತೆಗೆದುಕೊಂಡಿದೆ. ನಾನು ಈ ಲೆಕ್ಕವನ್ನು ಪಾಠ ಮಾಡುವಾಗ ಇದನ್ನು ಬಿಡುವುದಿಲ್ಲ. ಸೂತ್ರದಲ್ಲಿ ಇದಕ್ಕೆ ಜಾಗ ಇಲ್ಲ, ಅದಕ್ಕೇ ಬಾಯಲ್ಲಿ ಹೇಳಬೇಕು.

ಇನ್ನು ತೆರಿಗೆ. ನಮ್ಮ ದೇಶದಲ್ಲಿ ಇಂಥ ಗೆಲುವಿಗೆ ನೇರ ಶೇ 30, ಮೇಲೆ ಶೇ 4 ಸೆಸ್, ಒಟ್ಟು 31.2. ಸ್ಲ್ಯಾಬ್ ಇಲ್ಲ, ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯುವಂತಿಲ್ಲ. ಮೊತ್ತ ದೊಡ್ಡದಾದರೆ ಸರ್ಚಾರ್ಜ್ ಬೇರೆ. ಅದನ್ನು ಬಿಟ್ಟು ಬರೀ 31.2 ಹಿಡಿದರೂ ನಮ್ಮ 1.5 ಕೋಟಿಯ ಗೆರೆ 2.18 ಕೋಟಿಗೆ ಹೋಗುತ್ತದೆ. ಕ್ಯಾಸಿನೊದ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಅದನ್ನು ಸೇರಿಸಿದರೆ ಇನ್ನೂ ದೂರ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಬಗೆಯ ಮಷಿನ್ ಉಳಿಯುತ್ತದೆ. ಲೆಕ್ಕದ ದೃಷ್ಟಿಯಿಂದ ನನಗೆ ತುಂಬಾ ಇಷ್ಟವಾದದ್ದು ಅದೇ. ಕೆಲವು ಜಾಕ್‌ಪಾಟ್‌ಗಳ ಮೇಲೆ "ಇಷ್ಟರೊಳಗೆ ಬಿದ್ದೇ ಬೀಳುತ್ತದೆ" ಅಂತ ಬರೆದಿರುತ್ತದೆ. 50,000 ಅಂದುಕೊಳ್ಳಿ. ಮಷಿನ್ ಮೊದಲೇ ಗುಟ್ಟಾಗಿ ಒಂದು ಅಂಕಿ ಆರಿಸಿ ಇಟ್ಟಿರುತ್ತದೆ, ಮೀಟರ್ ಅದನ್ನು ಮುಟ್ಟಿದಾಗ ಬಹುಮಾನ ಬೀಳುತ್ತದೆ. ಇಲ್ಲಿ ಮಾತ್ರ ಕಾದದ್ದಕ್ಕೆ ಬೆಲೆ ಇದೆ. ಮೀಟರ್ 49,900ರಲ್ಲಿದ್ದರೆ ಇನ್ನು ನೂರು ರೂಪಾಯಿ ಏರುವುದರೊಳಗೆ ಅದು ಯಾರಿಗಾದರೂ ಬೀಳಲೇಬೇಕು.

ಹಾಕಿದ ರೊಕ್ಕದ ಶೇ 1 ಮೀಟರ್‌ಗೆ, ಜಾಕ್‌ಪಾಟ್ ಬಿಟ್ಟು ನೋಡಿದರೆ ನಷ್ಟ ಶೇ 12, ಗುಟ್ಟಿನ ಅಂಕಿ ಎಲ್ಲಿ ಬೇಕಾದರೂ ಸಮನಾಗಿ ಇರಬಹುದು ಅಂತ ಇಟ್ಟುಕೊಂಡರೆ ಗೆರೆ ಹೀಗೆ ಸಿಗುತ್ತದೆ. 12ನ್ನು 1ರಿಂದ ಭಾಗಿಸಿ, 12. ಅದರಿಂದ ಒಂದು ಕಳೆದರೆ 11, ಒಂದು ಕೂಡಿದರೆ 13. 50,000ವನ್ನು 11ರಿಂದ ಗುಣಿಸಿ 13ರಿಂದ ಭಾಗಿಸಿ, 42,308. ತಾಳೆ ನೋಡೋಣ. ಉಳಿದ ಏರಿಕೆ 7,692. ಸರಾಸರಿ ಅದರ ಅರ್ಧಕ್ಕೆ ಬೀಳುತ್ತದೆ, 3,846. ಶೇ 1ರ ಲೆಕ್ಕದಲ್ಲಿ ಅಷ್ಟು ಏರಿಸಲು 3,84,600 ರೂಪಾಯಿ ಬೆಟ್ ಕಟ್ಟಬೇಕು. ಶೇ 12 ನಷ್ಟ ಅಂದರೆ 46,152. ಸಿಗುವ ಬಹುಮಾನ ಸರಾಸರಿ 46,154. ಎರಡೂ ಸಮ. ಬೋರ್ಡಿನ ಮೇಲೆ ಇದು ಸರಿಹೊಂದಿದಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ತೆರಿಗೆ ಸೇರಿಸು ಅಂತ ಹುಡುಗನಿಗೆ ಹೇಳಿದೆ. ಒಂದರ ಬದಲು 0.688 ಹಾಕಿ ಅವನೇ ಮಾಡಿದ. 44,578 ಬಂತು. ಕೋಟಿಯ ಮಷಿನ್‌ನಲ್ಲಿ ತೆರಿಗೆ ಗೆರೆಯನ್ನು 68 ಲಕ್ಷ ದೂರ ಎಸೆದಿತ್ತು. ಇಲ್ಲಿ ಸರಿದದ್ದು ಬರೀ 2,270. ಯಾಕೆ ಅಂತ ಅವನಿಗೆ ತಕ್ಷಣ ಹೊಳೆಯಿತು. ಮೇಲೆ ಕಟ್ಟಿದ ಮಿತಿ ಇದೆ, ಗೆರೆ ಮೊದಲೇ ಅದರ ಹತ್ತಿರ ಕೂತಿದೆ.

ಆಮೇಲೆ ಕೆಟ್ಟ ಗಳಿಗೆಯ ಲೆಕ್ಕ ಮಾಡಿಸಿದೆ. 44,578ಕ್ಕೆ ಕೂತು, ಬಹುಮಾನ ಕೊನೆಯ ರೂಪಾಯಿಗೆ, 50,000ಕ್ಕೇ ಬಿದ್ದರೆ? ಬೆಟ್ ಕಟ್ಟಿದ್ದು 5,42,200. ಸರಾಸರಿ ನಷ್ಟ 65,000. ತೆರಿಗೆ ಕಳೆದು ಕೈಗೆ 34,400. "ಅಂದ್ರ ಗೆದ್ದೂ ಮೂವತ್ತು ಸಾವಿರ ಹೋತಲ್ರಿ!" ಅಂದ. ಹೌದು ತಮ್ಮಾ, ಹೋಯಿತು. ಮಧ್ಯದಲ್ಲಿ ಕೈ ಖಾಲಿಯಾಗಿ ಎದ್ದರೆ ಪೂರ್ತಿ ಹೋಯಿತು, ಹಿಂದೆ ನಿಂತು ಕಾಯುತ್ತಿದ್ದವನು ಆ ಸೀಟಿನಲ್ಲಿ ಕೂರುತ್ತಾನೆ.

ಮುಂದಿನ ಸಲ ಹೋದಾಗ ಆ ಶೇ 1ನ್ನಾದರೂ ಅಳೆಯಬಹುದಾ ಅಂತ ಕೇಳಿದ. ಅಳೆಯಬಹುದು. ಬೇರೆ ಯಾವುದಕ್ಕೂ ಜೋಡಿಸದ ಮಷಿನ್ ಆಗಿದ್ದರೆ, ಯಾರಾದರೂ ಆಡುತ್ತಿರುವಾಗ ಹಿಂದೆ ನಿಂತು ಮೀಟರ್ ನೋಡಿದರೆ ಸಾಕು. 50 ರೂಪಾಯಿಯ ನೂರು ಸುತ್ತು ಅಂದರೆ 5,000. ಅಷ್ಟರಲ್ಲಿ ಮೀಟರ್ 50 ಏರಿದರೆ ಶೇ 1. ತಾನು ಒಂದು ರೂಪಾಯಿಯನ್ನೂ ಹಾಕಬೇಕಿಲ್ಲ. ಆದರೆ ಆ ಶೇ 12 ಇದೆಯಲ್ಲ, ಅದು ಹೀಗೆ ಸಿಗುವುದಿಲ್ಲ. ಗೆಲುವುಗಳು ಅಷ್ಟು ಏರುಪೇರಾಗಿ ಬರುತ್ತವೆ. ಒಂದು ಶೇಕಡಾ ಹೆಚ್ಚು ಕಡಿಮೆಗೆ ಅದನ್ನು ಅಂದಾಜು ಮಾಡಲು ಲಕ್ಷಗಟ್ಟಲೆ ಸುತ್ತು ಬೇಕು. ಅದು 12 ಅಲ್ಲ, 15 ಆಗಿದ್ದರೆ ತೆರಿಗೆ ಸೇರಿದ ಗೆರೆ 45,614ಕ್ಕೆ ಹೋಗುತ್ತದೆ. 44,578ಕ್ಕೆ ಕೂತವನು ಸಾವಿರ ರೂಪಾಯಿ ಬೇಗ ಕೂತಂತಾಯಿತು. ಕ್ಯಾಸಿನೊಗಳು ಪ್ರತಿ ಮಷಿನ್ ಮೇಲೆ ಆ ಒಂದು ಅಂಕಿ ಬರೆಯುವ ಹಾಗೆ ಕಾನೂನು ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಬ್ರಿಟನ್‌ನಲ್ಲಿ ವಾಪಸಾತಿಯ ಶೇಕಡಾವಾರು ಆಡುವವರಿಗೆ ಕಾಣುವಂತೆ ಇಡಬೇಕೆಂಬ ನಿಯಮ ಇದೆ. ಗೋವಾದಲ್ಲೂ ಅದನ್ನು ಮಾಡಲು ಹೊಸ ಮಷಿನ್ ತರಬೇಕಿಲ್ಲ, ಪಾರ್ ಶೀಟ್‌ನಿಂದ ಒಂದು ಸಾಲು ತೆಗೆದು ಸ್ಟಿಕ್ಕರ್ ಅಂಟಿಸಿದರೆ ಆಯಿತು.